ಆ ಏಳು ತಿಂಗಳು ನಮಗೆ ಕಲಿಸುವುದೇನು?

(ಕುವೈತ್‌ನಲ್ಲಿ ನಡೆದ ನಮ್ಮ ಮಾಸಿಕ ಸಭೆಯ ಭಾಷಣದ ಬರಹ ರೂಪ)

 

ಫೆಬ್ರವರಿ 26 ಈ ದೇಶದ ವಿಮೋಚನಾ ದಿನ. ನಮಗೆ ಅದೊಂದು ರಜೆ, ಮಕ್ಕಳಿಗೆ ಬಾವುಟದ ಹಬ್ಬ. ಆದರೆ 1990ರ ಆಗಸ್ಟ್ 2ರಿಂದ ಸುಮಾರು ಏಳು ತಿಂಗಳು ಈ ಊರು ಇರಾಕಿ ಸೈನ್ಯದ ಕೈಯಲ್ಲಿತ್ತು. ಆಗ ಕೈಯಲ್ಲಿ ಬಂದೂಕು ಇಲ್ಲದ ಸಾಮಾನ್ಯ ಮನುಷ್ಯನಿಗೆ ಸರಿ ಯಾವುದು, ತಪ್ಪು ಯಾವುದು ಅನ್ನುವ ಪ್ರಶ್ನೆ ದಿನಾ ಬೆಳಗ್ಗೆ ಎದುರು ನಿಲ್ಲುತ್ತಿತ್ತು.

ನೋಡಿ, ಇರಾಕ್ ಕುವೈತನ್ನು ತನ್ನ 19ನೇ ಪ್ರಾಂತ್ಯ ಅಂತ ಘೋಷಿಸಿತು. ಗುರುತಿನ ಚೀಟಿ ಬದಲಿಸಿ, ಗಾಡಿಯ ನಂಬರ್ ಪ್ಲೇಟ್ ಬದಲಿಸಿ ಅಂತ ಆಜ್ಞೆ ಬಂತು. ಕೆಲಸಕ್ಕೆ ಹೋದರೆ ದಾಳಿ ಮಾಡಿದವನ ಆಡಳಿತಕ್ಕೆ ಹೆಗಲು ಕೊಟ್ಟ ಹಾಗೆ. ಹೋಗದಿದ್ದರೆ ಸಂಬಳ ಇಲ್ಲ. ಆದರೆ ಆಸ್ಪತ್ರೆಯ ಡಾಕ್ಟರ್ ಮನೆಯಲ್ಲೇ ಕೂತರೆ ಸಾಯುವವನು ಯಾರು?

ಹೆಚ್ಚಿನ ಕುವೈತಿಗಳು ಸರಕಾರಿ ಕಚೇರಿಗೆ ಹೋಗಲಿಲ್ಲ. ಆದರೆ ಜನರಿಗೆ ಬೇಕಾದ ಕೆಲಸ ನಿಲ್ಲಿಸಲಿಲ್ಲ. ಹೊರದೇಶದ ಕಾರ್ಮಿಕರು ಹೋದ ಮೇಲೆ ಖುಬ್ಬೂಸ್ ಸುಡುವುದು, ಕಸ ಎತ್ತುವುದು, ಜಮೀಯಾದಲ್ಲಿ ಸಾಮಾನು ಹಂಚುವುದು ಎಲ್ಲವನ್ನೂ ತಾವೇ ಮಾಡಿದರು. ಸೈನಿಕರಿಗೆ ಮನೆ ಗೊತ್ತಾಗಬಾರದು ಅಂತ ರಸ್ತೆಯ ಬೋರ್ಡು, ಮನೆ ನಂಬರು ಕಿತ್ತು ಹಾಕಿದರು. ರಾತ್ರಿ ತಾರಸಿಯಲ್ಲಿ ನಿಂತು ತಕ್ಬೀರ್ ಕೂಗಿದರು. ಅಸ್ರಾರ್ ಅಲ್ ಖಬಂದಿ ಎಂಬ ಹೆಣ್ಣುಮಗಳು ಪ್ರತಿರೋಧದಲ್ಲಿ ಸೇರಿ ಸಿಕ್ಕಿಬಿದ್ದು, 1991ರ ಜನವರಿಯಲ್ಲಿ ಶಹೀದ್ ಆದಳು. ಎಲ್ಲರಿಗೂ ಅಸ್ರಾರ್ ಆಗಲಿಕ್ಕೆ ಆಗುವುದಿಲ್ಲ. ಹಾಗಂತ ಖುಬ್ಬೂಸ್ ಸುಟ್ಟವನನ್ನು ಹೇಡಿ ಅನ್ನಲಿಕ್ಕೆ ಆಗುತ್ತದಾ?

ನಮ್ಮ ದೇಶದವರು ಆಗ ಇಲ್ಲಿ ಲಕ್ಷಕ್ಕೂ ಮಿಕ್ಕಿ ಇದ್ದರು. ಬಹುಪಾಲು ಜನ ಇರಾಕ್ ದಾಟಿ ಜೋರ್ಡಾನ್‌ನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಊರು ಸೇರಿದರು. ಅದೂ ತಪ್ಪಲ್ಲ. ಜೀವವೂ ಅಲ್ಲಾಹನ ಅಮಾನತ್ತೇ.

ಇನ್ನೊಂದು ಕಹಿ ವಿಷಯ ಹೇಳಲೇಬೇಕು. ಆಗ ಇಲ್ಲಿ ಸುಮಾರು 4 ಲಕ್ಷ ಫೆಲೆಸ್ತೀನಿಯರಿದ್ದರು. ಅವರ ನಾಯಕ ಯಾಸಿರ್ ಅರಫಾತ್ ಸದ್ದಾಮ್ ಕಡೆ ವಾಲಿದರು. ಇಲ್ಲಿನ ಫೆಲೆಸ್ತೀನಿಯರಲ್ಲಿ ಸೈನ್ಯಕ್ಕೆ ಕೈಜೋಡಿಸಿದವರು ಕೆಲವರು. ಕುವೈತಿ ನೆರೆಯವರಿಗೆ ಆಸರೆಯಾದವರೂ, ಪ್ರತಿರೋಧದಲ್ಲಿ ನಿಂತವರೂ ಇದ್ದರು. ವಿಮೋಚನೆಯ ನಂತರ ಸಿಟ್ಟು ಮಾತ್ರ ಎಲ್ಲರ ಮೇಲೂ ಬಿತ್ತು. ಹೆಚ್ಚಿನವರು ದೇಶ ಬಿಡಬೇಕಾಯಿತು. ಝುಲ್ಮ್ ಅನುಭವಿಸಿದವರ ಕೈಯಿಂದಲೂ ಝುಲ್ಮ್ ಆಗಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಸಹೋದರರೇ, ವೆಸ್ಟ್ ಬ್ಯಾಂಕ್ ಜನ 1967ರಿಂದ ಪರಕೀಯ ಸೈನ್ಯದ ಅಡಿಯಲ್ಲಿದ್ದಾರೆ. ನಾವು ರೂಮಿನಲ್ಲಿ ಕೂತು ಮೊಬೈಲ್ ನೋಡುತ್ತಾ, "ಅವರು ಯಾಕೆ ಸುಮ್ಮನಿದ್ದರು, ಇವರು ಯಾಕೆ ಓಡಿದರು" ಅಂತ ಸುಲಭವಾಗಿ ತೀರ್ಪು ಕೊಡ್ತೇವೆ. ಪಕ್ಕದ ಬೆಡ್ಡಿನವನನ್ನೂ ಅವನ ದೇಶದ ಹೆಸರಿನಿಂದಲೇ ಅಳೀತೇವೆ. ಯಾರೋ ಮಾಡಿದ್ದಕ್ಕೆ ಉತ್ತರ ಕೊಡಬೇಕಾದ ನೋವು ನಮಗೂ ಗೊತ್ತಿದೆ ಅಲ್ವಾ? ಹಾಗಿದ್ದ ಮೇಲೆ, ಒಬ್ಬೊಬ್ಬನನ್ನು ಅವನವನ ಅಮಲಿನಿಂದ ನೋಡುವುದನ್ನು ನಮ್ಮ ರೂಮಿನಿಂದಲೇ ಶುರು ಮಾಡೋಣ.

ಅಲ್ಲಾಹನು ಎಲ್ಲ ಮಝ್ಲೂಮರಿಗೆ ನೆಮ್ಮದಿ ಕೊಡಲಿ, ನಮಗೆ ನ್ಯಾಯದ ಮನಸ್ಸು ಕೊಡಲಿ. ಆಮೀನ್. ವಸ್ಸಲಾಂ.