ಗೀಸರ್ ನೀರು ಯಾಕೆ ನಾರುತ್ತೆ?

ಅಕ್ಕಂದಿರೇ, ಬಚ್ಚಲ ಹಂಡೆ ದಿನಾ ಖಾಲಿ ಆಗುತ್ತೆ. ಗೀಸರ್ ಹಾಗಲ್ಲ. ಅದರ ಹೊಟ್ಟೆಯಲ್ಲಿ ಯಾವಾಗಲೂ ನೀರು ತುಂಬಿರುತ್ತೆ. ನಾವು ಎಂಟು ದಿನ ಊರಿಗೆ ಹೋಗಿ ಬಂದರೆ ಆ ನೀರು ಕೊಳೆತ ಮೊಟ್ಟೆ ಹಾಗೆ ನಾರಬಹುದು. ಊದುಬತ್ತಿ ಹಚ್ಚಿದರೆ ಹೋಗೋ ವಾಸನೆ ಅಲ್ಲ ಇದು!

ಮೊದಲು ತಣ್ಣೀರು ಮೂಸಿ ನೋಡೋಣ. ಅದೂ ನಾರಿದರೆ ತೊಟ್ಟಿ, ಬೋರ್‌ವೆಲ್ ನೋಡಬೇಕು. ಬಿಸಿನೀರು ಮಾತ್ರ ನಾರಿದರೆ, ಹೆಚ್ಚಾಗಿ ಗೀಸರ್ ಒಳಗೆ ಕಣ್ಣಿಗೆ ಕಾಣದ ಜೀವಿಗಳು ಬೆಳೆದಿವೆ. ಅವಕ್ಕೆ ಗಾಳಿ ಬೇಡ. ಉಗುರುಬೆಚ್ಚಗಿನ ನೀರು ಸಾಕು.

ಗೀಸರ್ ಹಳೆಯದಾದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸೋಣ. ಆಮೇಲೆ 70 ಡಿಗ್ರಿಗೆ ಇಟ್ಟು ಕೆಲವು ಗಂಟೆ ಕಾಯಿಸೋಣ. ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿ ಬಿಟ್ಟು ಹಳೇ ನೀರೆಲ್ಲ ಹರಿಸೋಣ. ಆ ನೀರು ತಗುಲಿದರೆ ಮೈ ಬೆಂದುಹೋಗುತ್ತೆ. ಮಕ್ಕಳನ್ನು ಬಚ್ಚಲ ಹತ್ತಿರ ಬಿಡಲೇಬಾರದು. ಸ್ನಾನಕ್ಕೆ ಮೊದಲು ಬಿಸಿ ತಗ್ಗಿಸೋಣ.

ಮತ್ತೆ ನಾರಿದರೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನು ಮೆಕ್ಯಾನಿಕ್ ಕೈಯಲ್ಲೇ ನೋಡಿಸೋಣ.