ಪರದೇಶಕ್ಕೆ ಹೋಗುವವರಿಗೆ ದಾಖಲೆಗಳೇ ಆಸರೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಭಟ್ಕಳ, ಉಡುಪಿ, ಮಂಗಳೂರು ಕಡೆಯ ಜನ ಹಲವು ದಶಕಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುತ್ತಿದ್ದಾರೆ. ಈಗ ಒಳನಾಡಿನ ಊರುಗಳಿಂದಲೂ ಹೋಗುವವರಿದ್ದಾರೆ. ನಮ್ಮ ಎಷ್ಟೋ ಮಸೀದಿ, ಮದರಸ, ಶಾಲೆಗಳ ಕಟ್ಟಡಗಳಲ್ಲಿ ಅವರ ಬೆವರಿನ ಪಾಲಿದೆ. ಆದರೆ ಅಲ್ಲಿ ಅವರಿಗೆ ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು, ಆಗ ಕೈಯಲ್ಲಿ ಏನಿರಬೇಕು ಎಂಬುದು ಮನೆಯಲ್ಲಿರುವ ತಾಯಿಗೂ ಹೆಂಡತಿಗೂ ಗೊತ್ತಿರುವುದಿಲ್ಲ. ಆ ವಿಷಯವಾಗಿ ಎರಡು ಮಾತು ಹೇಳುತ್ತೇನೆ.

ಪರದೇಶದಲ್ಲಿ ನಮ್ಮವರ ಮೊದಲ ಆಸರೆ ಭಾರತದ ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ರಾಯಭಾರ ಕಚೇರಿ ಅಬುಧಾಬಿಯಲ್ಲಿದೆ, ಕಾನ್ಸುಲೇಟ್ ದುಬೈಯಲ್ಲಿದೆ. ಸೌದಿ ಅರೇಬಿಯಾದಲ್ಲಿ ರಾಯಭಾರ ಕಚೇರಿ ರಿಯಾದಿನಲ್ಲಿ, ಕಾನ್ಸುಲೇಟ್ ಜಿದ್ದಾದಲ್ಲಿ. ಆ ದೇಶದ ವೀಸಾ ಕೊಡುವುದು ಆ ದೇಶದ ಸರ್ಕಾರ. ನಮ್ಮ ಕಚೇರಿ ಪಾಸ್‌ಪೋರ್ಟ್ ನವೀಕರಿಸುತ್ತದೆ, ಕಾಗದಪತ್ರ ದೃಢೀಕರಿಸುತ್ತದೆ, ಮಗು ಹುಟ್ಟಿದರೆ ನೋಂದಾಯಿಸುತ್ತದೆ. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ.

ಯಾರಾದರೂ ಬಂಧನಕ್ಕೊಳಗಾದರೆ, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ತಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕು ಅವರಿಗಿದೆ. ಅಧಿಕಾರಿಗಳು ಜೈಲಿಗೆ ಹೋಗಿ ಭೇಟಿಯಾಗಬಹುದು, ವಕೀಲರ ಪಟ್ಟಿ ಕೊಡಬಹುದು. ಆದರೆ ಅಲ್ಲಿನ ನ್ಯಾಯಾಲಯದ ತೀರ್ಪನ್ನು ಅವರು ಬದಲಿಸಲಾರರು. ಈ ಮಿತಿಯನ್ನು ತಿಳಿಯದೆ ಊರಿನಲ್ಲಿ ಕುಳಿತು ಕಚೇರಿಯನ್ನು ದೂರುವುದರಿಂದ ಪ್ರಯೋಜನವಿಲ್ಲ. 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನಿರ್ಗತಿಕರಿಗೆ ವಸತಿ, ವಿಮಾನ ಟಿಕೆಟ್, ಕಾನೂನು ನೆರವು, ಮೃತದೇಹ ಸಾಗಣೆಗೆ ಸಹಾಯ ಸಿಗುತ್ತದೆ. ಊರಿನಿಂದಲೇ ದೂರು ಸಲ್ಲಿಸಲು ವಿದೇಶಾಂಗ ಸಚಿವಾಲಯ 2015ರಲ್ಲಿ ‘ಮದದ್’ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ಆರಂಭಿಸಿತು. ಉರ್ದು ಬಲ್ಲವರಿಗೆ ಆ ಹೆಸರಿನ ಅರ್ಥ ಹೇಳಬೇಕಾಗಿಲ್ಲ.

1990ರಲ್ಲಿ ಕುವೈತ್ ಮೇಲೆ ಇರಾಕ್ ದಾಳಿ ಮಾಡಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. 2015ರಲ್ಲಿ ಯೆಮನ್‌ನಿಂದ 4,600ಕ್ಕೂ ಹೆಚ್ಚು ಜನರನ್ನು ತರಲಾಯಿತು. ಯುದ್ಧ ಬಂದಾಗ ಇಡೀ ದೇಶ ನೋಡುತ್ತದೆ. ಆದರೆ ಸಂಬಳ ಸಿಗದ ಒಬ್ಬ ಡ್ರೈವರನ ಕಷ್ಟ ಪತ್ರಿಕೆಯಲ್ಲಿ ಬರುವುದಿಲ್ಲ. ಅವನ ಪರವಾಗಿ ಮಾತಾಡುವುದು ಅವನ ಕೈಯಲ್ಲಿರುವ ಕಾಗದ ಮಾತ್ರ. ಉದ್ಯೋಗದ ಕರಾರುಪತ್ರ ಎಲ್ಲಿ, ಇಕಾಮಾದ ಪ್ರತಿ ಎಲ್ಲಿ ಎಂದು ಅಧಿಕಾರಿ ಕೇಳಿದಾಗ ಏಜೆಂಟನ ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ.

ಈ ಕಾಗದಗಳು ಎಲ್ಲಿಂದ ಶುರುವಾಗುತ್ತವೆ? ಶಾಲೆಯ ದಾಖಲಾತಿ ಪುಸ್ತಕದಿಂದ. ಪೋಷಕರೇ, ದಯವಿಟ್ಟು ಗಮನಿಸಿ. ಮಗನ ಹೆಸರು ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ‘ಮಹಮ್ಮದ್’, ಮತ್ತೊಂದು ಕಡೆ ಬರೀ ‘ಎಂ.ಡಿ.’. ತಾಯಿಯ ಹೆಸರಿನಲ್ಲಿ ಒಮ್ಮೆ ‘ಬಾನು’, ಒಮ್ಮೆ ‘ಬೇಗಂ’. ಹುಟ್ಟಿದ ದಿನ ಕೇಳಿದರೆ ಜೂನ್ 1. ಅದರಿಂದಾಗುವ ತೊಂದರೆ ಇಪ್ಪತ್ತು ವರ್ಷದ ನಂತರ ಪಾಸ್‌ಪೋರ್ಟ್ ಕಚೇರಿಯಲ್ಲಿ ಗೊತ್ತಾಗುತ್ತದೆ. 2025ರಲ್ಲಿ ತಿದ್ದುಪಡಿಯಾದ ನಿಯಮದಂತೆ, 2023ರ ಅಕ್ಟೋಬರ್ 1 ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಜನ್ಮ ದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ನಡೆಯುತ್ತದೆ. ಆದ್ದರಿಂದ ದಾಖಲಾತಿಯ ದಿನವೇ ಹೆಸರು, ದಿನಾಂಕ ಸರಿಯಾಗಿ ಬರೆಸಿ. ಎಲ್ಲ ಪತ್ರಗಳಲ್ಲೂ ಒಂದೇ ಅಕ್ಷರ ಜೋಡಣೆ ಇರಲಿ.

ವಿದ್ಯಾರ್ಥಿಗಳೇ, ಹತ್ತನೇ ತರಗತಿಗೂ ಪಾಸ್‌ಪೋರ್ಟಿಗೂ ಇನ್ನೊಂದು ಸಂಬಂಧವಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. 1983ರ ವಲಸೆ ಕಾಯ್ದೆಯಂತೆ ಅವರು ಕೊಲ್ಲಿ ರಾಷ್ಟ್ರಗಳೂ ಸೇರಿದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ವಿಮೆ. ಇದನ್ನೆಲ್ಲ ತಪ್ಪಿಸಲು ಕೆಲವು ಏಜೆಂಟರು ವಿಸಿಟ್ ವೀಸಾದಲ್ಲಿ ಕಳುಹಿಸುತ್ತಾರೆ. ಆಗ ಅನುಮತಿಯೂ ಇಲ್ಲ, ವಿಮೆಯೂ ಇಲ್ಲ. ಅಂಥ ವೀಸಾದಲ್ಲಿ ಕೆಲಸ ಮಾಡುವುದೇ ಅಲ್ಲಿ ಅಪರಾಧ.

ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಡ. ಅದು ಒಳ್ಳೆಯದೇ. ಆದರೆ ಅವರ ಕರಾರುಪತ್ರವನ್ನು ಹೊರಡುವ ಮೊದಲು ಸರ್ಕಾರದ ಪರವಾಗಿ ಯಾರೂ ಪರಿಶೀಲಿಸುವುದಿಲ್ಲ. ಅದನ್ನು ಅವರೇ ಓದಬೇಕು. ಸರ್ಟಿಫಿಕೇಟ್ ಕೈಗೆ ಬಂದರೆ ಸಾಲದು, ಒಂದು ಕರಾರನ್ನು ಓದಿ ತಿಳಿಯುವ ಶಕ್ತಿಯೂ ಬರಬೇಕು. ಕನ್ನಡ, ಉರ್ದುವಿನ ಜೊತೆಗೆ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಿರಿ ಎಂದು ನಾವು ಒತ್ತಾಯಿಸುವುದು ಇದಕ್ಕೇ. ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ನಮ್ಮ ದೀನ್ ಕೂಡ ಇದನ್ನೇ ಕಲಿಸಿದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಸೂರಃ ಅಲ್ ಬಕರದ 282ನೆಯದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ವಿಷಯ. ಹಾಗಿರುವಾಗ ‘ಏಜೆಂಟ್ ನಮ್ಮವನೇ, ಬರಹ ಯಾಕೆ’ ಎಂದು ಹೇಳುವುದು ಸರಿಯಲ್ಲ.

ಪಾಸ್‌ಪೋರ್ಟ್, ವೀಸಾ, ಕರಾರು, ಇಕಾಮಾ ಇವುಗಳ ಒಂದೊಂದು ಪ್ರತಿ ಮನೆಯಲ್ಲಿರಲಿ. ಅಲ್ಲಿಯ ಕಚೇರಿಯ ದೂರವಾಣಿ ಸಂಖ್ಯೆ ಹೆಂಡತಿಗೂ ಗೊತ್ತಿರಲಿ. ಯಾರಾದರೂ ಅಲ್ಲೇ ತೀರಿಕೊಂಡರೆ, ದಫನ್ ಅಲ್ಲಿಯೋ ಊರಿನಲ್ಲಿಯೋ ಎಂದು ಮನೆಯವರು ಬರೆದು ಕೊಡಬೇಕಾಗುತ್ತದೆ. ಬಾಕಿ ಸಂಬಳಕ್ಕೆ ಅಧಿಕಾರ ಪತ್ರ ಕಳುಹಿಸಬೇಕಾಗುತ್ತದೆ. ದುಃಖದ ಆ ದಿನ ಕಾಗದ ಹುಡುಕುವ ಸ್ಥಿತಿ ಯಾರಿಗೂ ಬರಬಾರದು.

ನಮ್ಮ ಸಂಸ್ಥೆಗೆ ನನ್ನದೊಂದು ಮನವಿ. ತಿಂಗಳಿಗೊಂದು ಭಾನುವಾರ ಇಂಥ ಅರ್ಜಿ ತುಂಬಿಕೊಡಲು, ಕರಾರು ಓದಿ ಹೇಳಲು ಒಂದು ಮೇಜು ಹಾಕೋಣ. ಕಾಲೇಜು ಓದುತ್ತಿರುವ ನಮ್ಮ ಮಕ್ಕಳು ಅಲ್ಲಿ ಕುಳಿತುಕೊಳ್ಳಲಿ. ನಾನೂ ಬರುತ್ತೇನೆ.

ದೂರ ದೇಶದಲ್ಲಿ ದುಡಿಯುವ ನಮ್ಮೆಲ್ಲರನ್ನೂ ಅಲ್ಲಾಹನು ಕಾಪಾಡಲಿ, ಆಮೀನ್.