ಮರದ ಪಜಲ್: ಮಗು ಬಾಯಿಗಿಟ್ಟರೂ ಭಯವಿರಬಾರದು
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪುಣೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಕೇಳುತ್ತಾರೆ, ಶಾಲೆಯಲ್ಲಿ ದೇವನಾಗರಿ ಬರೆಯುತ್ತಾರೆ. ಅವರಿಗಾಗಿ ರಾಜ್ಯೋತ್ಸವದ ಹೊತ್ತಿಗೆ ವರ್ಣಮಾಲೆಯ ಮರದ ಪಜಲ್ ಮಾಡೋಣ ಎಂದು ನಾವೆಲ್ಲ ಒಪ್ಪಿದ್ದೇವೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನಾನು ಭಾನುವಾರ ಬಾಲ್ಕನಿಯಲ್ಲಿ ಗರಗಸ ಹಿಡಿಯುವವಳು. ಹಾಗಾಗಿ ಮರ ಮತ್ತು ಪಾಲಿಶ್ ವಿಷಯ ನನ್ನ ಪಾಲಿಗೆ ಬಂತು.

ಅಕ್ಕ ಆಡುವ ಪಜಲ್ ತಮ್ಮನ ಬಾಯಿಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ನನ್ನದು ಒಂದೇ ಸೂತ್ರ: ಏನೂ ಬಳಿಯದೆ ಕೊಟ್ಟರೂ ಭಯವಿಲ್ಲ ಎನ್ನುವಂಥ ಮರ ಮೊದಲು, ಪಾಲಿಶ್ ಆಮೇಲೆ. ಹಲ್ಲು ಬರುವ ಮಗು ಪಾಲಿಶ್ ಕೆರೆದು ಮರವನ್ನೇ ಕಚ್ಚುತ್ತದೆ.

ಚನ್ನಪಟ್ಟಣದವರು ಆಲೆ ಮರವನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಅದು ಬೆಳ್ಳಗಿದೆ, ಎಳೆ ನುಣುಪು, ಸಿಬಿರು ಏಳುವುದು ಕಡಿಮೆ. ಆಲೆ ಸಿಗದಿದ್ದರೆ ಬೇವು ಒಳ್ಳೆಯದು. ಚೆನ್ನಾಗಿ ಒಣಗಿದ, ಗಂಟಿಲ್ಲದ ಹಲಗೆ ಕೇಳಿ. ಹೊನ್ನೆ ಬೇಡ. ಅದರ ಲೋಟದಲ್ಲಿ ನೀರಿಟ್ಟರೆ ನೀರಿನ ಬಣ್ಣವೇ ಬದಲಾಗುತ್ತದೆ, ಜೊಲ್ಲಿನಲ್ಲೂ ಹಾಗೆಯೇ. ತೇಗ ಬಾಗಿಲಿಗೆ ಚೆಂದ, ಆದರೆ ಅದರಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದೆ, ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಎಂಡಿಎಫ್ ಹಲಗೆಯನ್ನು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟಿನಿಂದ ಒತ್ತಿರುತ್ತಾರೆ, ಒದ್ದೆಯಾದರೆ ಅಂಚು ಉಬ್ಬುತ್ತದೆ. ಅದೂ ಬೇಡ.

ಕಾರ್ಖಾನೆಗಳ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಅಗ್ಗಕ್ಕೆ ಸಿಗುತ್ತದೆ. ವಿದೇಶದಿಂದ ಬಂದ ಪೆಟ್ಟಿಗೆಯ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಎಂದರೆ ಕಾಯಿಸಿ ಹುಳು ಕೊಂದದ್ದು, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ‘ಎಚ್‌ಟಿ’ ಇದ್ದರೂ ದಾರಿಯಲ್ಲಿ ಅದರ ಮೇಲೆ ಏನು ಚೆಲ್ಲಿದೆಯೋ ಮುದ್ರೆ ಹೇಳುವುದಿಲ್ಲ. ಗಿಡದ ಸ್ಟ್ಯಾಂಡ್‌ಗೆ ಬಳಸಿ, ಆಟಿಕೆಗೆ ಬೇಡ.

ಮಳೆಗಾಲದ ತೇವಕ್ಕೆ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಮೇ ತಿಂಗಳಲ್ಲಿ ಬಿಗಿಯಾಗಿ ಕೂರಿಸಿದ ‘ಕ’ ಜುಲೈನಲ್ಲಿ ಕೀಳಲು ಬರುವುದಿಲ್ಲ. ಸುತ್ತಲೂ ಒಂದು ಮಿಲಿಮೀಟರಿನಷ್ಟು ಸಡಿಲ ಬಿಡಿ. ಮೂರು ವರ್ಷದೊಳಗಿನವರಿರುವ ಮನೆಗೆ ತುಂಡುಗಳು ದೊಡ್ಡವಿರಲಿ. ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಇಳಿಯುವ ತುಂಡು ಗಂಟಲಿಗೂ ಇಳಿಯಬಹುದು.

120, ಆಮೇಲೆ 220 ನಂಬರಿನ ಉಜ್ಜುಕಾಗದದಿಂದ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಡಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ.

ಈಗ ಪಾಲಿಶ್. ಡಬ್ಬಿಯ ಮೇಲೆ ‘ನಾನ್-ಟಾಕ್ಸಿಕ್’ ಎಂದಿದ್ದರೆ ಸಾಲದು, ಒಳಗೇನಿದೆ ಎಂದು ಕೇಳಿ. ಚನ್ನಪಟ್ಟಣದ ಹೊಳಪು ಅರಗಿನದು, ತಿರುಗುವ ಮರಕ್ಕೆ ಒತ್ತಿದಾಗ ಬಿಸಿಗೆ ಕರಗಿ ಹಿಡಿಯುತ್ತದೆ. ನಮ್ಮ ಚಪ್ಪಟೆ ಅಕ್ಷರ ತಿರುಗಣಿಗೆ ಕೂರುವುದಿಲ್ಲ. ಅದೇ ಅರಗಿನ ಚಪಡಾವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಬಹುದು. ಮಾತ್ರೆಗಳ ಮೇಲಿನ ಹೊಳಪಿಗೂ ಅರಗು ಬಳಸುತ್ತಾರೆ. ಹಚ್ಚುವಾಗ ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ವಾಸನೆ ಪೂರ್ತಿ ಹೋದ ಮೇಲೆಯೇ ಮಗುವಿಗೆ ಕೊಡಿ. ಆಮೇಲೆ ಸ್ಯಾನಿಟೈಸರ್‌ನಿಂದ ಒರೆಸಬೇಡಿ, ಆಲ್ಕೋಹಾಲ್‌ಗೆ ಅರಗು ಕರಗುತ್ತದೆ.

ಇನ್ನೂ ಸುಲಭದ್ದು ಬೇಕೆಂದರೆ ಶುದ್ಧ ಜೇನುಮೇಣ ತಿಕ್ಕಿ, ಆಗಾಗ ಮತ್ತೆ ತಿಕ್ಕಿದರಾಯಿತು. ಕಡಲೆಕಾಯಿ ಎಣ್ಣೆ ಬೇಡ, ಕಮಟುತ್ತದೆ, ಕೆಲವು ಮಕ್ಕಳಿಗೆ ಅಲರ್ಜಿಯೂ ಉಂಟು. ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಸಾಮಾನ್ಯವಾಗಿ ಲೋಹದ ಲವಣ ಸೇರಿಸಿರುತ್ತಾರೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಗೋಡೆಯ ಪೇಂಟ್ ಮಿಕ್ಕಿದೆ ಎಂದು ಬಳಿಯಬೇಡಿ. ಮನೆ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ 2016ರ ನಿಯಮಕ್ಕೆ ಮುಂಚಿನ ಡಬ್ಬಿ ಅಟ್ಟದ ಮೇಲೆ ಕೂತಿರಬಹುದು.

ಕೊನೆಯದಾಗಿ, ಸ್ಟಾಲ್ ಹಾಕಿ ಮಾರೋಣ ಎಂದು ಕೆಲವರು ಕೇಳಿದಿರಿ. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿಯಿದೆ, ನಮಗೆ ಆ ನೋಂದಣಿಯಿಲ್ಲ. ಈ ಸಲ ನಮ್ಮ ಮನೆಯ ಮಕ್ಕಳಿಗಷ್ಟೇ ಮಾಡೋಣ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇಡೋಣ: ಯಾವ ಮರ, ಯಾವ ಪಾಲಿಶ್, ಯಾವ ವಯಸ್ಸಿಗೆ. ಬೇರೆಯವರು ಮಾಡಿದ ಆಟಿಕೆ ಕೊಳ್ಳುವಾಗಲೂ ಇದೇ ಮೂರನ್ನು ಕೇಳಿ.

ಬರುವ ಭಾನುವಾರ ಬರುವವರು ಹಳೆ ಹತ್ತಿ ಬಟ್ಟೆ ತನ್ನಿ, ಉಜ್ಜುಕಾಗದ ನಾನು ತರುತ್ತೇನೆ.